ಮುಳ್ಳು ಬಿದ್ದ ಮಂಗಳವಾರ

ಮರ್ವಿನ್ ಟಾಡ್ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನೆಲ್ಲ ಕೇಳಿದವರು ಅವನನ್ನು ಶುದ್ಧ ಸುಳ್ಳುಬುರುಕ ಎಂದುಕೊಂಡಾರು. ನ್ಯೂಜಿಲೆಂಡಿನ ಪಾಮರ್‌ಸ್ಟನ್ ನಾರ್ತ್ ಎಂಬ, ಕಡಲ ಗಾಳಿ ಸೋಕದ ಊರಿನಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತನಾದವನು ಅವನು. ಹತ್ತು ಗ್ರಾಂ ಕಡಿಮೆ ತೂಗಿದ್ದಕ್ಕೆ ಸ್ವಂತ ಭಾವಮೈದುನನ ಮಾಂಸದಂಗಡಿಗೇ ಬೀಗ ಜಡಿಸಿದವನು. ಇಂಥವನು ನಿಜವನ್ನೇ ಹೇಳಿ ಇಡೀ ಒಂದು ಕೊಲ್ಲಿಯನ್ನು ತಲೆಕೆಳಗು ಮಾಡಬಲ್ಲ, ಅಷ್ಟೇ. ಮಾಡಿದ್ದೂ ಅದನ್ನೇ.

ನಿವೃತ್ತಿಯ ದಿನ ಕೇಕು ಕತ್ತರಿಸುವಾಗ ಯಾರೋ "ಮುಂದೇನು ಮಾಡ್ತೀರಿ?" ಎಂದು ಕೇಳಿದರು. ಟೊಮ್ಯಾಟೊ ಬೆಳೆಯುತ್ತೇನೆ ಎನ್ನಲು ನಾಚಿಕೆಯಾಗಿ, "ಹಾಯಿದೋಣೀಲಿ ದ್ವೀಪಗಳ ಕಡೆ ಹೋಗೋಣ ಅಂತಿದೀನಿ" ಎಂದುಬಿಟ್ಟ. ಸಹೋದ್ಯೋಗಿಗಳು ಚಂದಾ ಎತ್ತಿ, ಲಂಗರಿನ ಚಿತ್ರ ಹೊಲಿದ ಬಿಳಿ ಟೋಪಿ ತಂದು ಅವನ ತಲೆಗಿಟ್ಟರು. ಹಾಗೆ ಟೋಪಿ ಹಾಕಿಸಿಕೊಂಡ ಮೇಲೆ ದೋಣಿ ಕೊಳ್ಳದೆ ವಿಧಿಯಿರಲಿಲ್ಲ. ಕೊಂಡ ದೋಣಿಯ ಹೆಸರು 'ಡಾಂಟ್‌ಲೆಸ್', ಅಂದರೆ ಅಂಜದವಳು. ಹಿಂದಿನ ಮಾಲೀಕ ಇಟ್ಟದ್ದು, ಮರ್ವಿನ್ನನನ್ನು ಕೇಳಿ ಇಟ್ಟದ್ದಲ್ಲ.

ಹೆಂಡತಿ ಗ್ವೆನ್ ಇಪ್ಪತ್ತಾರು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದವಳು. ಈ ಹುಚ್ಚು ಬೇಡವೆಂದು ಮೊದಲು ಬಡಿದುಕೊಂಡವಳು ಅವಳೇ. ಆದರೆ ನೀರಿಗಿಳಿದ ಮೂರನೆಯ ದಿನ ಚುಕ್ಕಾಣಿ ಹಿಡಿದು ನೋಡಿದಳು. ಎದುರಿಗೆ ಲಾರಿಯಿಲ್ಲ, ಪಕ್ಕದ ಸೀಟಿನಲ್ಲಿ ಶಿಷ್ಯನಿಲ್ಲ, ಉದ್ದಕ್ಕೂ ಖಾಲಿ ರಸ್ತೆ. ಅಂದಿನಿಂದ ಅವಳು ಸಮುದ್ರದವಳೇ ಆಗಿಹೋದಳು. ಮರ್ವಿನ್ ಮಾತ್ರ ಟೋಂಗಾದಿಂದ ಫಿಜಿಗೆ ಬರುವಾಗ ಗಾಳಿ ಎದ್ದು, ಹತ್ತೊಂಬತ್ತು ಗಂಟೆ ಕ್ಯಾಬಿನ್ನಿನ ನೆಲದ ಮೇಲೆ ಮೇಜಿನ ಕಾಲನ್ನು ತಬ್ಬಿ ಮಲಗಿದ್ದ. ಆ ಕಾಲಿನ ಆಣೆಯಾಗಿ ಇನ್ನು ಸಮುದ್ರಕ್ಕೆ ಇಳಿಯುವುದಿಲ್ಲವೆಂದು ಶಪಥ ಮಾಡಿದ. ಶಪಥದ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೋ ಏನೋ, ಯಾರೂ ಕೇಳಲಿಲ್ಲ.

ಹೀಗೆ ಅವರು ಬಂದು ಸೇರಿದ್ದು ಫಿಜಿಯ ವನುಆ ಲೇವು ದ್ವೀಪದ ನೈವಾಲು ಕೊಲ್ಲಿಯಲ್ಲಿದ್ದ ವಿಮ್ಲಾ ಗೌಂಡರಳ ಮರೀನಾಕ್ಕೆ. ಕೊಟ್ಟಿಗೆಯಲ್ಲಿ ದನ ಕಟ್ಟಿದಂತೆ ಅಲ್ಲಿ ಹಾಯಿದೋಣಿಗಳನ್ನು ಸಾಲಾಗಿ ಕಟ್ಟುತ್ತಾರೆ. ಮೂರು ದಿನ ಇರುತ್ತೇವೆಂದು ಮರ್ವಿನ್ ರಿಜಿಸ್ಟರಿನಲ್ಲಿ ಬರೆದ. ಎಂಬತ್ತೊಂದನೆಯ ದಿನವೂ ಅಲ್ಲೇ ಇದ್ದ.

ಮೊದಲ ವಾರ, ಕಕ್ಕಸಿನ ಪಂಪು ಯಾಕೋ ಸರಿಯಿಲ್ಲ ಎಂದ. ಅವನು ಬಿಚ್ಚಿದ ಮೇಲೆ ಅದು ನಿಜವಾಗಿಯೂ ಸರಿಯಿಲ್ಲದಾಯಿತು. ಆಕ್ಲೆಂಡಿನಿಂದ ಬಿಡಿಭಾಗ ಬರಲು ಮೂರು ವಾರ ಹಿಡಿಯಿತು. ಬಂದದ್ದು ಬೇರೆ ಪಂಪಿನದು. ಆಮೇಲೆ ಹಾಯಿಯ ಹೊಲಿಗೆ, ಆಮೇಲೆ ಬ್ಯಾಟರಿ, ಆಮೇಲೆ ಅವನ ಹಲ್ಲು. ಒಂದನ್ನೂ ಸುಳ್ಳು ಎನ್ನುವಂತಿರಲಿಲ್ಲ. ದೋಣಿಯ ತಳದಲ್ಲಿ ಪಾಚಿ ಬೆಳೆದು ಮೀನುಗಳು ಸಂಸಾರ ಹೂಡಿದವು. ಹೊಸಬರು ಯಾರಾದರೂ ದಾರಿ ಕೇಳಿದರೆ ವಿಮ್ಲಾ, "ಟಾಡ್ ದೋಣಿ ಸಿಗುತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ, ಬಚ್ಚಲು" ಎನ್ನತೊಡಗಿದಳು. ಊರಿಗೆ ಅರಳೀಕಟ್ಟೆ ಹೇಗೋ ಹಾಗಾಗಿದ್ದ ಮರ್ವಿನ್.

ಕೊನೆಗೆ ರಿಪೇರಿ ಮಾಡಲು ಏನೂ ಉಳಿಯಲಿಲ್ಲ. ಆಗಸ್ಟಿನ ಒಂದು ಸೋಮವಾರ ಗ್ವೆನ್ ಪಟ್ಟಣದ ಮಾರುಕಟ್ಟೆಯಿಂದ ಎರಡು ಚೀಲ ಕೆಸುವಿನ ಗಡ್ಡೆ, ಒಂದು ಗೊನೆ ಬಾಳೆಕಾಯಿ ಹೊತ್ತು ತಂದು ದೋಣಿಯಲ್ಲಿ ದೊಪ್ಪನೆ ಹಾಕಿದಳು.

"ಬುಧವಾರ ವನುವಾಟುಗೆ ಹೊರಡ್ತಿದೀವಿ" ಎಂದಳು. "ನಾಳೆ ಕಸ್ಟಮ್ಸಿನವರು ಬರ್ತಾರೆ, ಹೊರಡೋ ಚೀಟಿ ಮಾಡಿಸ್ಕೊ."

"ಬುಧವಾರವೇ?"

"ಯಾಕೆ, ಬುಧವಾರಕ್ಕೂ ಬಿಡಿಭಾಗ ಬರಬೇಕಾ?"

ಮರ್ವಿನ್ ಅಡುಗೆಮೂಲೆಯ ಒಲೆಯ ಕಡೆ ಆಸೆಯಿಂದ ನೋಡಿದ. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಮರುದಿನ ಬೆಳಗ್ಗೆ ಏಳಕ್ಕೇ ಎದ್ದು ಚೀಟಿಗೆಂದು ಮರೀನಾ ಕಚೇರಿಯ ಜಗಲಿಗೆ ಹೋಗಿ ನಿಂತ. ಬಾಗಿಲು ತೆಗೆದಿರಲಿಲ್ಲ. ಗೋಡೆಯ ಮೇಲೆ ಗಾಳಿಯ ಒತ್ತಡ ತೋರಿಸುವ ಹಿತ್ತಾಳೆಯ ವಾಯುಮಾಪಕವೊಂದು ತೂಗುತ್ತಿತ್ತು. ಮುಳ್ಳು ಮೇಲೆದ್ದರೆ ಹವೆ ಚೆನ್ನಾಗಿದೆ, ಬಿದ್ದರೆ ಬಿರುಗಾಳಿ ಎಂದು ಕಡಲಿನವರ ಲೆಕ್ಕ. ಮೂವತ್ತನಾಲ್ಕು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಮುಳ್ಳಿರುವ ಯಾವ ಯಂತ್ರ ಕಂಡರೂ ಮರ್ವಿನ್ನನ ಬೆರಳು ತಾನಾಗಿ ಏಳುತ್ತದೆ. ಗಾಜಿನ ಮೇಲೆ ಎರಡು ಸಲ ಟಕಟಕ ಎಂದು ತಟ್ಟಿದ.

ಮುಳ್ಳು ಕಳಚಿ ಗಾಜಿನೊಳಗೆ ತಳಕ್ಕೆ ಬಿತ್ತು.

ಮರ್ವಿನ್ ಹಿಂದೆ ಮುಂದೆ ನೋಡಿದ. ವಿಮ್ಲಾ ಗೌಂಡರ್ ಒಡೆದ ಒಂದು ಲೋಟಕ್ಕೆ ಒಬ್ಬ ಫ್ರೆಂಚನನ್ನು ಅರ್ಧ ಗಂಟೆ ನಿಲ್ಲಿಸಿ ಬೈದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ಹೊತ್ತಿಗೇ ಹಿಂದಿನಿಂದ ಚಪ್ಪಲಿ ಸದ್ದಾಯಿತು. ಡೋರೀನ್ ಎಂಬ ಆಸ್ಟ್ರೇಲಿಯಾದ ಹೆಂಗಸು ಬಟ್ಟೆ ಬುಟ್ಟಿ ಹೊತ್ತು ಬರುತ್ತಿದ್ದಳು. ಆರು ವರ್ಷದಿಂದ ಅದೇ ಕಟ್ಟೆಯಲ್ಲಿ ದೋಣಿ ಕಟ್ಟಿಕೊಂಡು, ದಿನಾ ಎಂಟೂವರೆಗೆ ದೋಣಿಗಳ ರೇಡಿಯೋದಲ್ಲಿ ಊರಿನ ಸುದ್ದಿ ಓದುವುದು ಅವಳ ಕಾಯಕ. ಸುದ್ದಿ ಇಲ್ಲದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಏನು ಮರ್ವಿನ್, ಮುಖ ಬಿಳುಚಿಕೊಂಡಿದೆ?"

"ಮುಳ್ಳು ಬಿದ್ದೋಯ್ತು" ಎಂದ ಮರ್ವಿನ್.

ಡೋರೀನ್ ಬುಟ್ಟಿ ಕೆಳಗಿಟ್ಟಳು. "ಬಿತ್ತಾ? ಎಷ್ಟು?"

"ಪೂರ್ತಿ. ತಳಕ್ಕೇ."

"ಯಾವಾಗ?"

"ಈಗಷ್ಟೇ. ನನ್ನ ಕಣ್ಣೆದುರಿಗೇ."

ಅವಳು ಹತ್ತಿರ ಬರುವಷ್ಟರಲ್ಲಿ ಮರ್ವಿನ್ ತನ್ನ ತಲೆಯ ಬಿಳಿ ಟೋಪಿ ತೆಗೆದು ವಾಯುಮಾಪಕಕ್ಕೆ ತೊಡಿಸಿದ. "ಯಾರಿಗೂ ಹೇಳ್ಬೇಡ ಡೋರೀನ್. ವಿಮ್ಲಾಗಂತೂ ಬೇಡವೇ ಬೇಡ."

"ಅಯ್ಯೋ, ಗೊತ್ತಾಗುತ್ತೆ ಬಿಡಪ್ಪ. ಜನ ಗಾಬರಿ ಆಗ್ತಾರೆ ಅಂತ ತಾನೇ?"

ಮರ್ವಿನ್ನನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ತಲೆಯಾಡಿಸುವುದು ಅವನ ರೂಢಿ, ಆಡಿಸಿದ. ಡೋರೀನ್ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ಎಂಟೂವರೆಗೆ ಮೂವತ್ತು ದೋಣಿಗಳ ರೇಡಿಯೋಗಳಲ್ಲಿ ಅವಳ ದನಿ ಕೇಳಿತು. "ನಾನು ಯಾರ ಹೆಸರೂ ಹೇಳಲ್ಲ. ಹೇಳ್ಬೇಡ ಅಂದಿದಾರೆ. ಎಂಬತ್ತೊಂದು ದಿನದಿಂದ ಸುಮ್ನೆ ಕೂತು ಹವೆ ನೋಡ್ತಿರೋ ಒಬ್ಬ ಹಿರಿಯರು, ಮುಳ್ಳು ತಳಕ್ಕೆ ಬಿದ್ದಿದೆ ಅಂತಿದಾರೆ. ಅವರು ಯಾಕಿನ್ನೂ ಹೊರಟಿಲ್ಲ ಅಂತ ನಾವೆಲ್ಲ ನಗ್ತಿದ್ವಿ. ಈಗ ಗೊತ್ತಾಯ್ತಲ್ಲ?"

ಆ ಬೆಳಗ್ಗೆ ಕಸ್ಟಮ್ಸ್ ಅಧಿಕಾರಿ ಇಸಿಕೇಲಿ ಪಟ್ಟಣದಿಂದ ಬಸ್ಸಿನಲ್ಲಿ ಬಂದು, ಇಸ್ತ್ರಿ ಮಾಡಿದ ಸೂಲು ಪಂಚೆಯ ನಿರಿಗೆ ಮುರಿಯದಂತೆ ವಿಮ್ಲಾಳ ಹೋಟೆಲಿನಲ್ಲಿ ಕೂತು, ಎಂಟು ದೋಣಿಗಳಿಗೆ ಹೊರಡುವ ಚೀಟಿ ಕೊಟ್ಟಿದ್ದ. ಚೀಟಿಯೊಂದಕ್ಕೆ ಐದು ಪ್ರತಿ, ಪ್ರತಿಗೆ ಎರಡು ಮೊಹರು. ಎಂಬತ್ತನೆಯ ಮೊಹರು ಒತ್ತಿ, ಕೈ ಕೊಡವಿ, ರೊಟ್ಟಿ ಪಲ್ಯಕ್ಕೆ ಹೇಳಿದ್ದ. ರೊಟ್ಟಿ ಬರುವ ಮೊದಲೇ ಎಂಟು ದೋಣಿಯವರೂ ವಾಪಸು ಬಂದು ಸಾಲಾಗಿ ನಿಂತರು.

"ರದ್ದು ಮಾಡ್ಬೇಕಿತ್ತು ಸಾರ್."

"ಯಾವುದು?"

"ಎಲ್ಲಾನೂ."

ಇಸಿಕೇಲಿ ಆಕಾಶ ನೋಡಿದ. ತೊಳೆದಿಟ್ಟ ತಟ್ಟೆಯಂತಿತ್ತು. "ಆಗಸ್ಟ್ ತಿಂಗಳಲ್ಲಿ ಚಂಡಮಾರುತ ಬರಲ್ಲ. ನಮ್ಮಜ್ಜನ ಕಾಲದಿಂದ ಬಂದಿಲ್ಲ."

"ಬರುತ್ತೆ ಅಂತ ನಾವೂ ಹೇಳ್ತಿಲ್ಲ ಸಾರ್. ಮುಳ್ಳು ಬಿದ್ದಿದೆ ಅಂತಷ್ಟೇ."

"ರದ್ದು ಮಾಡೋಕೆ ಆರು ಪ್ರತಿ ಬೇಕು, ಗೊತ್ತಾ ನಿಮಗೆ?" ಎಂದು ಇಸಿಕೇಲಿ ತಣ್ಣಗೆ ಕೇಳಿದ. ಅವನ ರೊಟ್ಟಿ ಬಂದು, ಆರಿ, ನೊಣದ ಪಾಲಾಯಿತು. ಈ ಗಲಾಟೆಯಲ್ಲಿ ಮರ್ವಿನ್ ಚೀಟಿ ಕೇಳಲೇ ಇಲ್ಲ.

ಎಲ್ಲರೂ ಹೆದರಿದರೂ ವುಬ್ಬೊ ಹೆದರುವವನಲ್ಲ. ಅವನು ಡಚ್ಚರವನು, ಒಂಟಿ ನಾವಿಕ, ಮೂರು ಕಂಪ್ಯೂಟರಿನಲ್ಲಿ ಮೂರು ದೇಶದ ಹವಾಮಾನ ನೋಡುವ ಲೆಕ್ಕದ ಆಸಾಮಿ. ನೇರ ಡಾಂಟ್‌ಲೆಸ್ಸಿಗೆ ಬಂದ.

"ಮೂರರಲ್ಲೂ ತಿಳಿಗಾಳಿ ಅಂತಿದೆ. ನೀವೇನು ನೋಡಿದ್ರಿ?"

"ಬೀಳೋದನ್ನ ನೋಡ್ದೆ" ಎಂದ ಮರ್ವಿನ್ ದೀನನಾಗಿ. ವುಬ್ಬೊ ಹೋಗಿ ವಿಮ್ಲಾಳಿಗೆ ಚಾಡಿ ಹೇಳಿಬಿಟ್ಟರೆ ಎಂಬ ಭಯ ಅವನಿಗೆ.

"ನಿಧಾನಕ್ಕೆ ಬಿತ್ತೋ, ಒಮ್ಮೆಗೇ ಬಿತ್ತೋ?"

"ಒಮ್ಮೆಗೇ. ತಡಿಯೋಕೂ ಆಗ್ಲಿಲ್ಲ."

ವುಬ್ಬೊ ಗಡ್ಡ ಕೆರೆದ. ಮೂವತ್ತು ವರ್ಷದ ಸಮುದ್ರಯಾನದಲ್ಲಿ ಮುಳ್ಳು ಒಮ್ಮೆಗೇ ತಳ ಕಂಡದ್ದನ್ನು ಅವನು ಕೇಳಿರಲಿಲ್ಲ. ಹೋಗಿ ತನ್ನ ದೋಣಿಗೆ ಇನ್ನೆರಡು ಹಗ್ಗ ಬಿಗಿದ. ವುಬ್ಬೊ ಹಗ್ಗ ಬಿಗಿದದ್ದನ್ನು ನೋಡಿ ಪಕ್ಕದವನು ನಾಲ್ಕು ಬಿಗಿದ. ಮಧ್ಯಾಹ್ನದೊಳಗೆ ನೈವಾಲು ಮರೀನಾ ಜೇಡರಬಲೆಯಾಗಿ, ಜೆಟ್ಟಿಯ ಮೇಲೆ ನಡೆಯುವವರೆಲ್ಲ ಕುಂಟೆಬಿಲ್ಲೆಯ ಮಕ್ಕಳಂತೆ ಹಾರಿ ಹಾರಿ ಹೋಗಬೇಕಾಯಿತು.

ಗ್ವೆನ್ ಪಾಚಿ ಕೆರೆಯಲು ಮುಳುಗುಗನ್ನಡಕ ತೊಟ್ಟು ನೀರಿನೊಳಗಿದ್ದವಳು ಮೇಲೆ ಬಂದಳು. "ಏನಿದು ಗಲಾಟೆ? ನೀನೇನಾದ್ರೂ ಹೇಳಿದ್ಯಾ?"

"ಮುಳ್ಳು ಬಿತ್ತು ಅಂದೆ."

"ಅಷ್ಟೇನಾ?"

"ಅಷ್ಟೇ. ಅದು ನಿಜ."

"ಎಲ್ಲಿ, ನಂಗೂ ತೋರಿಸು."

"ಟೋಪಿ ಹಾಕಿದೀನಿ."

ಗ್ವೆನ್ ಅವನನ್ನು ದೀರ್ಘವಾಗಿ ನೋಡಿದಳು. ಏಳನೇ ಸಲ ಪರೀಕ್ಷೆಯಲ್ಲಿ ನಪಾಸಾದ ಶಿಷ್ಯರನ್ನು ಅವಳು ಹೀಗೆಯೇ ನೋಡುತ್ತಿದ್ದಳು. ಮತ್ತೆ ನೀರಿನಲ್ಲಿ ಮುಳುಗಿದಳು.

ವಿಮ್ಲಾಳ ಅಡುಗೆಮನೆಯಲ್ಲಿ ದುಡಿಯುವವರೆಲ್ಲ ಕೊಲ್ಲಿಯಾಚೆಯ ಹಳ್ಳಿಯವರು. ಆದ್ದರಿಂದ ಡೋರೀನಳ ರೇಡಿಯೋ ಹಿಡಿಯದ ಹಳ್ಳಿಗೂ ಸುದ್ದಿ ಬಿಸಿಬಿಸಿಯಾಗಿಯೇ ತಲುಪಿತು. ಶಾಲೆಯ ಕಿಟಕಿಗಳಿಗೆ ಹಲಗೆ ಹೊಡೆದರು. ಅಂಗಡಿಯಲ್ಲಿ ಡಬ್ಬಿ ಮೀನು ಖಾಲಿಯಾಯಿತು. ಮೂರು ಗಂಟೆಗೆ ಹಳ್ಳಿಯ ಹಿರಿಯ ಅಪೊರೋಸಾ ಹೂವಿನ ಅಂಗಿ ತೊಟ್ಟು, ಅರೆದು ನೀರಲ್ಲಿ ಕದಡಿ ಕುಡಿಯುವ ಯಂಗೋನ ಬೇರಿನ ದೊಡ್ಡ ಕಟ್ಟನ್ನು ಹೊತ್ತು, ಹಗ್ಗಗಳನ್ನು ಒಂದೊಂದಾಗಿ ದಾಟಿಕೊಂಡು ಡಾಂಟ್‌ಲೆಸ್ಸಿನ ಮುಂದೆ ಬಂದು ಚಕ್ಕಳಮಕ್ಕಳ ಕೂತ. ಬೇರಿನ ಕಟ್ಟನ್ನು ಮರ್ವಿನ್ನನ ಮುಂದಿಟ್ಟ.

"ತಗೊಳ್ಳಿ ಕ್ಯಾಪ್ಟನ್."

ಯಾರು ಏನು ಕೊಟ್ಟರೂ ಬೇಡ ಎನ್ನುವುದು ಒರಟುತನವೆಂದು ಮರ್ವಿನ್ನನ ತಾಯಿ ಕಲಿಸಿದ್ದಳು. ಎರಡೂ ಕೈಯಲ್ಲಿ ತೆಗೆದುಕೊಂಡ. ಜೆಟ್ಟಿಯ ತುದಿಯಿಂದ ನೋಡುತ್ತಿದ್ದ ವಿಮ್ಲಾ ಹಣೆ ಚಚ್ಚಿಕೊಂಡಳು. ಬೇರು ಮುಟ್ಟಿದ ಮೇಲೆ ಮುಟ್ಟಿಸಿದವರ ಮಾತು ನಡೆಸಿಕೊಡಬೇಕು, ಅದು ಅಲ್ಲಿಯ ಪದ್ಧತಿ.

"ನಮ್ಮ ಮಕೆರೆತಾ ಮದುವೆ ಗುರುವಾರ" ಎಂದ ಅಪೊರೋಸಾ. "ಎದುರುಗಡೆ ಯಾಲೆವಾ ದ್ವೀಪದಲ್ಲಿ. ನಲವತ್ತು ಜನ ಹೋಗ್ಬೇಕು. ಹೆಂಗಸರು, ಮುದುಕೀರು, ಚಾಪೆಗಳು, ಎರಡು ಹಂದಿ. ಮೂರು ಗಂಟೆ ದಾರಿ. ಈ ದೋಣೀವರೆಲ್ಲ ನಿಮ್ಮ ಮಾತು ಕೇಳಿ ಕೂತವ್ರೆ. ನಾವು ಹೋಗಬಹುದೋ, ಬಾರದೋ? ಒಂದು ಮಾತು ಹೇಳಿ."

 ಹೋಗಿ ಎಂದರೆ, ಸಮುದ್ರದ ವಿಷಯ ತನಗೇನು ಗೊತ್ತು? ಬೇಡ ಎಂದರೆ ಮದುವೆ ನಿಲ್ಲುತ್ತದೆ. ತಪ್ಪಿಲ್ಲದ, ತೂಕ ಸರಿಯಾದ ಒಂದು ಸತ್ಯಕ್ಕಾಗಿ ಮರ್ವಿನ್ ಹುಡುಕಿದ.

"ನಾನಾಗಿದ್ರೆ ಹೋಗ್ತಿರ್ಲಿಲ್ಲ" ಎಂದ.

ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಅಪೊರೋಸಾ ಪದ್ಧತಿಯಂತೆ ಮೂರು ಸಲ ಚಪ್ಪಾಳೆ ತಟ್ಟಿ, ಎದ್ದು, ಹೋಗಿ ಮದುವೆ ಮುಂದೂಡಿದ.

ಬುಧವಾರ ಬೆಳಗ್ಗೆ ಮರ್ವಿನ್ ಕಣ್ಣುಬಿಟ್ಟು ಹೊರಗೆ ಬಂದರೆ ಜೆಟ್ಟಿಯ ಮೇಲೆ ಒಬ್ಬ ಹುಡುಗಿ ಕಾಲು ಇಳಿಬಿಟ್ಟು ಕೂತಿದ್ದಳು. ಕೊಲ್ಲಿ ಕನ್ನಡಿಯಂತಿತ್ತು. ಒಂದು ಎಲೆ ಅಲುಗುತ್ತಿರಲಿಲ್ಲ.

"ನಾನು ಮಕೆರೆತಾ" ಎಂದಳು. "ಶಾಲೆ ಟೀಚರ್. ನಾಳೆ ನನ್ನ ಮದುವೆ ಇತ್ತು."

"ಓ" ಎಂದ ಮರ್ವಿನ್.

"ಅಲ್ಲಿ ಅವರು ಆಗಲೇ ಒಲೆಗುಂಡಿ ತೋಡಿದಾರೆ. ಪೆನಿ, ನಾನು ಮದುವೆ ಆಗೋನು, ಸರಕು ಹಡಗಲ್ಲಿ ಕೆಲಸ. ಶನಿವಾರ ಹತ್ತಬೇಕು. ಹತ್ತಿದ್ರೆ ಒಂಬತ್ತು ತಿಂಗಳು. ಹೋದ ವರ್ಷವೂ ಹೀಗೇ ತಪ್ಪಿತ್ತು, ಅವರ ಅಜ್ಜಿ ತೀರಿಕೊಂಡ್ರು ಅಂತ. ಅಜ್ಜಿ ಸಾಯೋದನ್ನ ಸಹಿಸ್ಕೋಬಹುದು ಅಂಕಲ್. ಎಲ್ಲಿ ನಿಮ್ಮ ಗಾಳಿ?"

ಮರ್ವಿನ್ ಸುತ್ತ ನೋಡಿದ, ಗಾಳಿ ಎಲ್ಲಾದರೂ ಸಿಕ್ಕೀತೆಂಬಂತೆ.

"ನಾನು ಇಲ್ಲೇ ಕೂತಿರ್ತೀನಿ" ಎಂದಳು ಮಕೆರೆತಾ. "ಬಂದಾಗ ಹೇಳಿ."

ಅವಳು ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಮಕ್ಕಳ ಉತ್ತರಪತ್ರಿಕೆ ಕಟ್ಟು ಬಿಚ್ಚಿ ಅಂಕ ಹಾಕುತ್ತ ಕೂತಳು. ಮರ್ವಿನ್ ಕಾಫಿ ಮಾಡಿಕೊಟ್ಟ, ಕುಡಿದಳು. ಬಿಸ್ಕತ್ತು ಕೊಟ್ಟ, ತಿಂದಳು. ಹತ್ತು ಗಂಟೆಯ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ರೇಡಿಯೋ ಎತ್ತಿದ.

"ಎಲ್ಲ ದೋಣಿಯವರಿಗೂ ಮರ್ವಿನ್ ಟಾಡ್ ತಿಳಿಸೋದು. ಯಾವ ಗಾಳೀನೂ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಎಲ್ಲ ತಪ್ಪು ತಿಳುವಳಿಕೆ."

 ಆಮೇಲೆ ಡೋರೀನಳ ಗದ್ಗದ ದನಿ. "ಕೇಳಿದ್ರಾ? ನಮಗೆಲ್ಲ ಧೈರ್ಯ ಹೇಳ್ತಿದಾರೆ, ಪಾಪ. ಎಷ್ಟು ದೊಡ್ಡ ಮನಸ್ಸು. ಹಗ್ಗ ಇನ್ನೊಂದ್ಸಲ ನೋಡ್ಕೊಳ್ಳಿ ಎಲ್ಲರೂ."

ಮರ್ವಿನ್ ರೇಡಿಯೋ ಕೆಳಗಿಟ್ಟು, ಮಕೆರೆತಾಳ ಕೈಹಿಡಿದು ಎಬ್ಬಿಸಿ, ಕಚೇರಿಯತ್ತ ನಡೆದ. ಹಗ್ಗಗಳಿಗೆ ಎರಡು ಸಲ ಎಡವಿದ. ಹಿಂದೆ ವುಬ್ಬೊ ಬಂದ, ಡೋರೀನ್ ಬಂದಳು, ಹಳ್ಳಿಗೆ ಯಾರೋ ಕೂಗಿ ಹೇಳಿ ಅಪೊರೋಸಾನೂ ಬಂದ. ಗ್ವೆನ್ ಎಲ್ಲರ ಹಿಂದೆ ಕೈಕಟ್ಟಿ ನಿಂತಳು. ವಿಮ್ಲಾ ಬಾಗಿಲಲ್ಲಿ ಕಾಣಿಸಿಕೊಂಡಳು.

ಮರ್ವಿನ್ ಟೋಪಿ ಎತ್ತಿದ. "ಇದೇ ಮುಳ್ಳು. ನಾನು ತಟ್ಟಿದೆ. ಬಿತ್ತು. ಬಿದ್ದೋಯ್ತು ಅಂತ ಡೋರೀನ್‌ಗೆ ಹೇಳಿದೆ."

ಎಲ್ಲರೂ ಬಗ್ಗಿ ಗಾಜಿನೊಳಗೆ ನೋಡಿದರು. ಮುಳ್ಳು ಸತ್ತ ನೊಣದಂತೆ ತಳದಲ್ಲಿ ಬಿದ್ದಿತ್ತು.

"ಇದಾ?" ಎಂದಳು ವಿಮ್ಲಾ. "ನಮ್ಮ ಮಾವ ಹಳೇ ಸಾಮಾನಿನ ಅಂಗಡೀಲಿ ತಂದಿದ್ದು ಇದು. ಅಂದ ಕಾಣ್ಲಿ ಅಂತ. ಹನ್ನೆರಡು ವರ್ಷದಿಂದ ಒಂದೇ ಕಡೆ ನಿಂತಿತ್ತು. ಇದಕ್ಕೋಸ್ಕರ ನನ್ನ ಜೆಟ್ಟಿ ಮೇಲೆ ನಡಿಯೋಕಾಗದ ಹಾಗೆ ಹಗ್ಗ ಕಟ್ಟಿದೀರಾ ನೀವೆಲ್ಲ?" ವುಬ್ಬೊ ಕೆಂಪಗಾದ. ಮೂರು ಕಂಪ್ಯೂಟರಿನ ಮನುಷ್ಯ ತನ್ನ ಕಾಲ ಹೆಬ್ಬೆರಳನ್ನು ನೋಡಿಕೊಂಡ.

ಅಪೊರೋಸಾ ಮಾತ್ರ ಮುಳ್ಳನ್ನು ನೋಡುತ್ತಿರಲಿಲ್ಲ, ಮರ್ವಿನ್ನನನ್ನು ನೋಡುತ್ತಿದ್ದ. "ಮುಳ್ಳಿನ ಮಾತು ಹಾಗಿರ್ಲಿ ಕ್ಯಾಪ್ಟನ್. ನಾನು ಬೇರು ಇಟ್ಟು ಕೇಳಿದಾಗ ನೀವು ಮುಳ್ಳು ಅನ್ನಲಿಲ್ಲ. ನಾನಾಗಿದ್ರೆ ಹೋಗ್ತಿರ್ಲಿಲ್ಲ ಅಂದ್ರಿ. ಯಾಕೆ?"

ಮರ್ವಿನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು.

"ಯಾಕಂದ್ರೆ ನಂಗೆ ಸಮುದ್ರ ಅಂದ್ರೆ ಭಯ" ಎಂದ. "ಗಾಳಿ ಇದ್ರೂ ಭಯ, ಇಲ್ದಿದ್ರೂ ಭಯ. ಅದಕ್ಕೇ ಹೊರಟಿಲ್ಲ. ಪಂಪು ಚೆನ್ನಾಗೇ ಇತ್ತು."

ಡೋರೀನ್ ಬಾಯಿ ತೆರೆದಳು, ಮಾತು ಬರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ. ಹಿಂದಿನಿಂದ ಗ್ವೆನ್ ಮೆಲ್ಲಗೆ, ತೀರಾ ಮೆಲ್ಲಗೆ ಕೇಳಿದಳು. "ಪಂಪು ಚೆನ್ನಾಗಿತ್ತಾ?"

"ಬಿಚ್ಚೋವರೆಗೂ."

"ಅದನ್ನ ನಾನು ನಾಲ್ಕು ಸಲ ತೊಳೆದೆ ಮರ್ವಿನ್. ಕೈಯಲ್ಲಿ."

 ಮದುವೆಯೇನೋ ನಾಳೆಯೇ ಆಗಲಿ ಎಂದು ಅಪೊರೋಸಾ ಹೇಳಿದ. ಆದರೆ ತೊಡಕು ಇನ್ನೂ ಇತ್ತು. ಹಳ್ಳಿಯ ಮುದುಕಿಯರು ಒಮ್ಮೆ ಹೆದರಿಕೊಂಡಾಗಿತ್ತು. ಮುಳ್ಳಿನ ಕಥೆ ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ಬೇಡ ಅಂದ ಮನುಷ್ಯ ಮೊದಲು ಹೋಗಲಿ, ಅವನ ಹಿಂದೆ ನಾವು, ಎಂದು ಪಟ್ಟು ಹಿಡಿದರು. ಬೇರು ಮುಟ್ಟಿದವನಿಗೆ ಇಲ್ಲ ಎನ್ನುವ ದಾರಿ ಇರಲಿಲ್ಲ. ಮಕೆರೆತಾ ಉತ್ತರಪತ್ರಿಕೆಗಳನ್ನು ಎದೆಗವಚಿಕೊಂಡು ಅವನನ್ನೇ ನೋಡುತ್ತಿದ್ದಳು.

"ಎಷ್ಟು ಗಂಟೆ ದಾರಿ ಅಂದ್ರಿ?" ಎಂದ ಮರ್ವಿನ್.

ಗುರುವಾರ ಬೆಳಗ್ಗೆ ಡಾಂಟ್‌ಲೆಸ್ ಎಂಬತ್ಮೂರು ದಿನದ ಮೇಲೆ ಕಟ್ಟು ಬಿಚ್ಚಿತು. ಮೇಲೆ ಮದುಮಗಳು, ಹನ್ನೊಂದು ಜನ ಅತ್ತೆ ಚಿಕ್ಕಮ್ಮಂದಿರು, ಮೂವತ್ತು ಚಾಪೆ, ಎರಡು ಹಂದಿ. ಹಿಂದೆ ಹಳ್ಳಿಯ ಮೋಟಾರು ದೋಣಿಗಳು. ಅವುಗಳ ಹಿಂದೆ, ಹೇಗೂ ಹಗ್ಗ ಬಿಚ್ಚಿದ್ದಾಯಿತಲ್ಲ ಎಂದು ವುಬ್ಬೊ ಮತ್ತು ಇನ್ನು ಏಳು ಹಾಯಿದೋಣಿ. ಚುಕ್ಕಾಣಿಯಲ್ಲಿ ಗ್ವೆನ್. ಬಂದವರ ಮೇಲೆಲ್ಲ ಅಪ್ಪಣೆ ಮಾಡುತ್ತ, ಹಂದಿಗಳನ್ನು ಎಡಕ್ಕೆ, ದಪ್ಪ ಅತ್ತೆಯರನ್ನು ಬಲಕ್ಕೆ ಕೂರಿಸಿ ದೋಣಿಯ ತೂಕ ಸರಿಮಾಡಿದಳು. ಮರ್ವಿನ್ನನ ಕಡೆ ಒಮ್ಮೆಯೂ ನೋಡಲಿಲ್ಲ.

ಮರ್ವಿನ್ ಕೊಲ್ಲಿಯ ಬಾಯಿ ದಾಟುವವರೆಗೆ ತಡೆದ. ಮೊದಲ ಅಲೆ ದೋಣಿಯನ್ನು ಎತ್ತಿ ಇಳಿಸಿದ್ದೇ ತಡ, ಕ್ಯಾಬಿನ್ನಿಗಿಳಿದು ಮೇಜಿನ ಕಡೆ ಧಾವಿಸಿದ. ಮೇಜಿನ ಕಾಲನ್ನು ಆಗಲೇ ಬೇರೊಬ್ಬರು ತಬ್ಬಿದ್ದರು. ಎಪ್ಪತ್ತು ವರ್ಷದ, ಮೂರಾಳು ಗಾತ್ರದ ವಸೀತಿ ಅತ್ತೆ.

"ಅದು ನನ್ನ ಜಾಗ" ಎಂದ ಮರ್ವಿನ್.

"ಒಂದು ಪಾತ್ರೆ ತಾ, ಬೇಗ" ಎಂದಳು ವಸೀತಿ ಅತ್ತೆ.

ಆ ಮೇಜಿಗೆ ಇದ್ದದ್ದು ಒಂದೇ ಕಾಲು. ಮರ್ವಿನ್ ಪಾತ್ರೆ ತಂದ. ಆಮೇಲೆ ಒದ್ದೆ ಬಟ್ಟೆ ತಂದ. ಪಾತ್ರೆ ತೊಳೆದು ಮತ್ತೆ ತಂದ. ನಡುವೆ ತನಗೂ ಒಂದು ಪಾತ್ರೆ ಬೇಕಾಗಿ ಅದನ್ನೂ ತಂದ. ಎರಡನೆಯ ಗಂಟೆಯಲ್ಲಿ ಒಂದು ಹಂದಿ ಮೆಟ್ಟಿಲಿಳಿದು ಬಂದು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು, ಅದಕ್ಕೂ ಸಮುದ್ರ ಆಗುತ್ತಿರಲಿಲ್ಲ.

"ಹೆದರಿಕೆ ಆಗುತ್ತಾ ನಿಂಗೆ?" ಎಂದಳು ವಸೀತಿ ಅತ್ತೆ, ಮೇಜಿನ ಕಾಲಿನಿಂದ ಕೆನ್ನೆ ತೆಗೆಯದೆ.

"ಆಗುತ್ತೆ."

"ನಂಗೂ. ದ್ವೀಪದಲ್ಲೇ ಹುಟ್ಟಿದ್ದು, ಎಪ್ಪತ್ತು ವರ್ಷ ಆಯ್ತು. ಒಂದು ದಿನ ಹೆದರಿಕೆ ಇಲ್ದೆ ನೀರು ದಾಟಿಲ್ಲ. ನಮ್ಮೋರಿಗೆಲ್ಲ ಗೊತ್ತು. ಮದುವೆಗೆ ಬಂದ್ರೆ ಸಾಕು, ವಾಪಸು ಬರೋದು ಮುಂದಿನ ವರ್ಷ ಅಂತಾರೆ."

"ನಗಲ್ವಾ?"

"ನಗ್ತಾರೆ. ಅದಕ್ಕೇನೀಗ? ಪಾತ್ರೆ ತಾ."

ಯಾಲೆವಾದಲ್ಲಿ ಮದುವೆ ಆಯಿತು. ಪೆನಿ ಎಂಬ ಹುಡುಗ ದೋಣಿ ದಡ ಮುಟ್ಟುವ ಮೊದಲೇ ಎದೆಮಟ್ಟದ ನೀರಿಗಿಳಿದು ಬಂದು ಮಕೆರೆತಾಳನ್ನು ಹೊತ್ತುಕೊಂಡು ಹೋದ, ಮದುವೆಯಂಗಿ ನೆನೆಯಿತೆಂದು ತಾಯಿಯಿಂದ ಬೈಸಿಕೊಂಡ. ಮರ್ವಿನ್ನನನ್ನು ಅಪೊರೋಸಾನ ಪಕ್ಕದ ಚಾಪೆಯಲ್ಲಿ ಕೂರಿಸಿ ತೆಂಗಿನ ಚಿಪ್ಪಿನಲ್ಲಿ ಯಂಗೋನ ಕೊಟ್ಟರು. ನಾಲಿಗೆ ಮರಗಟ್ಟಿತು. ಓಕರಿಕೆ ಮಾತ್ರ ನಿಂತಿತು. ನೆಲ ಅಲುಗುತ್ತಿರಲಿಲ್ಲ, ಒಲೆಗುಂಡಿಯಿಂದ ತೆಗೆದ ಕೆಸುವಿನ ಗಡ್ಡೆ ಹೊಗೆಯಾಡುತ್ತಿತ್ತು. ಗ್ವೆನ್ ತಟ್ಟೆ ಹಿಡಿದು ಬಂದು, ಸ್ವಲ್ಪ ದೂರ ಬಿಟ್ಟು, ಪಕ್ಕದಲ್ಲಿ ಕೂತಳು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವಳು ಹಾಗೆ ದೂರ ಬಿಟ್ಟು ಕೂತದ್ದು ಎರಡೇ ಸಲ. ಒಂದು, ಭಾವಮೈದುನನ ಅಂಗಡಿಗೆ ಬೀಗ ಬಿದ್ದಾಗ.

"ಗ್ವೆನ್" ಎಂದ ಮರ್ವಿನ್. "ನೀನು ವನುವಾಟುಗೆ ಹೋಗು. ನಾನು ವಿಮಾನದಲ್ಲಿ ಬರ್ತೀನಿ. ನೀನು ಬರೋ ಹೊತ್ತಿಗೆ ಅಲ್ಲಿ ಜೆಟ್ಟಿ ಮೇಲೆ ಇರ್ತೀನಿ, ಹಗ್ಗ ಹಿಡಿಯೋಕೆ."

ಗ್ವೆನ್ ಮೀನಿನ ಮುಳ್ಳು ಬಿಡಿಸುತ್ತಿದ್ದವಳು ನಿಲ್ಲಿಸಿದಳು. "ಆಮೇಲೆ?"

"ಆಮೇಲಿನ ದ್ವೀಪಕ್ಕೂ ಹಾಗೇ. ವಿಮಾನ ಎಲ್ಲ ಕಡೆಗೂ ಹೋಗುತ್ತೆ."

"ನಾನೊಬ್ಬಳೇ ಹೋಗ್ಲಾ?"

"ಡೋರೀನ್ ಬರ್ತೀನಿ ಅಂತಿದಾಳೆ. ಆರು ವರ್ಷದಿಂದ ಯಾರೂ ಕರೀಲಿಲ್ವಂತೆ."

ಗ್ವೆನ್ ತಟ್ಟೆ ಕೆಳಗಿಟ್ಟಳು. ಮೊದಲು ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಮರ್ವಿನ್ ಗಾಬರಿಯಾದ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಂತೆ, ಪಕ್ಕದ ಚಾಪೆಯ ಅತ್ತೆಯರೆಲ್ಲ ತಿರುಗಿ ನೋಡುವಂತೆ.

"ಇದನ್ನ ಮೊದಲನೇ ದಿನಾನೇ ಹೇಳಿದ್ರೆ" ಎಂದಳು, "ಇಷ್ಟೊತ್ತಿಗೆ ನಾನು ಆಸ್ಟ್ರೇಲಿಯಾ ಮುಟ್ಟಿರ್ತಿದ್ದೆ. ಕತ್ತೆ."

ಮತ್ತೆ ತಟ್ಟೆ ಎತ್ತಿಕೊಂಡು, ಈ ಸಲ ಹತ್ತಿರ ಸರಿದು ಕೂತಳು.

ಶುಕ್ರವಾರ ವಾಪಸು ಬರುವಾಗಲೂ ಮರ್ವಿನ್ನನಿಗೆ ಅಷ್ಟೇ ಹೊಟ್ಟೆ ತೊಳಸಿತು. ವಸೀತಿ ಅತ್ತೆ ಮುಂದಿನ ವರ್ಷ ಬರುತ್ತೇನೆಂದು ಅಲ್ಲೇ ಉಳಿದಿದ್ದರಿಂದ ಮೇಜಿನ ಕಾಲು ಪೂರ್ತಿ ಅವನದಾಗಿತ್ತು. ಆದರೆ ಈ ಸಲ ಗ್ವೆನ್ ಎರಡು ಸಲ ಇಳಿದು ಬಂದು ಪಾತ್ರೆ ಬದಲಿಸಿದಳು.

ಮುಂದಿನ ಮಂಗಳವಾರ ಇಸಿಕೇಲಿ ಬಸ್ಸಿನಿಂದಿಳಿದ. ನೈವಾಲುವಿನ ಹೆಸರು ಕೇಳಿದರೇ ಅವನ ಮೊಹರಿನ ಕೈ ನೋಯುತ್ತಿತ್ತು. ಈ ಸಲ ರೊಟ್ಟಿ ತಿಂದು ಮುಗಿಸಿಯೇ ಕಾಗದ ಬಿಚ್ಚುತ್ತೇನೆಂದು ವಿಮ್ಲಾಳಿಗೆ ಖಡಾಖಂಡಿತ ಹೇಳಿ, ತಿಂದು, ಕೈ ತೊಳೆದು, ಕನ್ನಡಕ ಏರಿಸಿದ. ಎದುರಿಗೆ ಮರ್ವಿನ್ ಟಾಡ್ ನಿಂತಿದ್ದ.

"ನೀವಾ" ಎಂದ ಇಸಿಕೇಲಿ. "ಹೊರಡ್ತಿದೀರಾ, ರದ್ದು ಮಾಡ್ತಿದೀರಾ? ಒಂದೇ ಸಲ ಹೇಳಿಬಿಡಿ."

"ದೋಣಿ ಹೊರಡುತ್ತೆ. ನಾನು ಇಳೀತೀನಿ."

ದೋಣಿಯಿಂದ ಇಳಿಯುವವರಿಗೆ ಬೇರೆಯೇ ನಮೂನೆ. ಇಸಿಕೇಲಿ ಉಸಿರುಬಿಟ್ಟು ಚೀಲದ ತಳದಿಂದ ಅದನ್ನು ಎಳೆದು ಕೊಟ್ಟ. ಮರ್ವಿನ್ ವಿಮಾನದ ಟಿಕೆಟ್ಟಿನ ಅಂಕಿ ಬರೆದ, ಹುಟ್ಟಿದ ದಿನ ಬರೆದ. 'ಇಳಿಯುವ ಕಾರಣ' ಎಂಬಲ್ಲಿಗೆ ಬಂದಾಗ ಪೆನ್ನು ಸ್ವಲ್ಪವೂ ನಿಲ್ಲಲಿಲ್ಲ. ಬರೆದು, ಕಾಗದ ತಿರುಗಿಸಿ ಮುಂದೆ ಸರಿಸಿದ.

ಇಸಿಕೇಲಿ ಓದಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ ಜಾಗದಲ್ಲಿ ಅವನು ಏನೇನೋ ಓದಿದ್ದ. ಮಂಡಿನೋವು, ಮೊಮ್ಮಗಳ ಪರೀಕ್ಷೆ, ಊರಲ್ಲಿ ಮನೆ ಸೋರುತ್ತಿದೆ, ನಾಯಿಗೆ ಹುಷಾರಿಲ್ಲ. ಹೀಗೆ ಒಂದೇ ಪದದಲ್ಲಿ 'ಭಯ' ಎಂದು ಬರೆದದ್ದನ್ನು ಕಂಡಿರಲಿಲ್ಲ. ಕನ್ನಡಕ ತೆಗೆದು, ಸೂಲುವಿನ ಅಂಚಿನಲ್ಲಿ ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದ.

"ಮುಂದಿನವರು ಯಾರಾದ್ರೂ ಬಂದ್ರೆ ಹೇಳಿ" ಎಂದ, ಎರಡು ಮೊಹರನ್ನೂ ಒಂದೇ ಏಟಿಗೆ ಒತ್ತುತ್ತ. "ಹೀಗೆ ಚಿಕ್ಕದಾಗಿ ಬರೀರಿ ಅಂತ. ನಂಗೂ ಬಸ್ಸು ಸಿಗುತ್ತೆ."

ಕಾಗದದ ಕೊನೆಯ ಸಾಲಿಗೆ ಮರ್ವಿನ್ ರೂಢಿಯಂತೆ ಪೆನ್ನು ಒಯ್ದ. ಇಸಿಕೇಲಿ ಅವನ ಕೈಯನ್ನು ತಡೆದು ಬದಿಗೆ ಸರಿಸಿದ.

"ಅಲ್ಲಿ ನೀವಲ್ಲ. ಅದು ಕ್ಯಾಪ್ಟನ್ ಸಹಿ. ಹೋಗಿ ಕರ್ಕೊಂಡ್ಬನ್ನಿ."

ಮರ್ವಿನ್ ಜಗಲಿಗೆ ಬಂದು ನಿಂತ. ಜೆಟ್ಟಿಯ ತುದಿಯಲ್ಲಿ ಗ್ವೆನ್, ಡೋರೀನಳಿಗೆ ಗಂಟು ಹಾಕುವುದನ್ನು ಹನ್ನೊಂದನೆಯ ಸಲ ಕಲಿಸುತ್ತ, ಹಲ್ಲು ಕಚ್ಚಿಕೊಂಡು ನಿಂತಿದ್ದಳು.

"ಕ್ಯಾಪ್ಟನ್" ಎಂದು ಕೂಗಿದ.

ಗ್ವೆನ್ ತಿರುಗಿದಳು.